ತೊಟ್ಟಿಲಿಗೆ ಕೊಟ್ಟ ಮದ್ದಿನ ಫೋಮ್

ಮೊನ್ನೆ ನೆರೆಮನೆಯ ಹುಡುಗಿಗೆ ಯಾವುದೋ ಕಂಪೆನಿಯಲ್ಲಿ ಕ್ವಾಲಿಟಿ ಚೆಕ್ಕಿಂಗ್ ಕೆಲಸ ಸಿಕ್ಕಿತು. ಸ್ವೀಟ್ ಕೊಡಲಿಕ್ಕೆ ಬಂದವಳು, "ಆಂಟಿ, ನೀವೂ ಇದೇ ಕೆಲಸ ಮಾಡಿದ್ದಲ್ವಾ? ಇದರಲ್ಲಿ ಮುಖ್ಯ ಎಂತ ಮಾಡ್ಲಿಕ್ಕೆ ಉಂಟು?" ಅಂತ ಕೇಳಿದಳು. ಹೆದರ್ಲಿಕ್ಕೆ ಉಂಟು ಮಾರಾಯ್ತಿ, ಅಂದೆ. ಕುಶಾಲಿಗೆ ಹೇಳಿದ್ದು ಅಂದುಕೊಂಡು ನಗಾಡಿದಳು. ನಾನು ಕುಶಾಲಿಗೆ ಹೇಳಿದ್ದಲ್ಲ. ಬೇರೆಯವರು ಸಂಬಳಕ್ಕೆ ಕೆಲಸ ಮಾಡುತ್ತಾರೆ, ನಾನು ಸಂಬಳಕ್ಕೆ ಹೆದರಿದವಳು. ಮಾಲು ಲಾರಿ ಹತ್ತುವವರೆಗೆ ಹೆದರಿಕೆ, ಹತ್ತಿದ ಮೇಲೆ ವಾಪಸ್ ಬರ್ತದಾ ಅಂತ ಹೆದರಿಕೆ. "ನಿನಗೆ ಹೆದರ್ಲಿಕ್ಕೆ ವಿಷಯ ಸಿಗದಿದ್ದರೆ ಅದಕ್ಕೂ ಹೆದರ್ತಿ" ಅಂತ ನನ್ನ ಯಜಮಾನರು ಹೇಳುವುದುಂಟು. ಹೇಳಲಿ. ಆ ಹುಡುಗಿಗೆ ಬಾಯಲ್ಲಿ ಹೇಳಿ ಮುಗಿಸಲಿಕ್ಕಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸೇರಿದ್ದು ಪುಂಜಾಲಕಟ್ಟೆಯ ಹತ್ತಿರದ ಒಂದು ಕುಶನ್ ಕಾರ್ಖಾನೆಗೆ. ಸೋಫಾ, ಕುರ್ಚಿಗಳ ಮೆತ್ತೆ ಮಾಡಿ ಹೊರದೇಶಕ್ಕೆ ಕಳಿಸುವ ಕೆಲಸ. ಅಲ್ಲಿಯವರೆಗೆ ಮೂಡುಬಿದಿರೆಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಿದ್ದೆ. ಧಣಿ ಗಲ್ಫಿನಲ್ಲಿ ಸುಮಾರು ವರ್ಷ ಇದ್ದು ಬಂದವರು. ನಾವೆಲ್ಲ ಹಾಜಿಯವರು ಅಂತಲೇ ಕರೆಯುತ್ತಿದ್ದದ್ದು. ಕೆಲಸದವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವುದು ಬಿಟ್ಟು ಬಂದ ಹೆಂಗಸರು. ಬಂಟ್ವಾಳ, ವಾಮದಪದವು, ಉಜಿರೆ, ಆಚೆ ಕಕ್ಕಿಂಜೆಯಿಂದಲೂ ಬರುತ್ತಿದ್ದರು. ಎಲ್ಲರ ಮೇಲೆ ಮ್ಯಾನೇಜರ್ ಪ್ರಭು ಸರ್. ಮಹಾ ಶಿಸ್ತಿನ ಮನುಷ್ಯ. ನಗುವುದಿದ್ದರೂ ಟೇಪು ಹಿಡಿದು ಅಳತೆ ನೋಡಿಯೇ ನಗುವುದು ಅಂತ ನಾವು ಹಿಂದಿನಿಂದ ಹೇಳುತ್ತಿದ್ದೆವು.

ಹೊಲಿಗೆ ನೇರ ಉಂಟಾ, ಬಟ್ಟೆ ಸುಕ್ಕು ಉಂಟಾ ಅಂತ ನೋಡುವುದು ಸುಲಭ. ನನ್ನ ಮಂಡೆ ಬಿಸಿ ಮಾಡಿದ್ದು ಬೆಂಕಿ ಪರೀಕ್ಷೆ. ನಮ್ಮ ಮಾಲು ಹೋಗುವ ದೇಶದಲ್ಲಿ ಸರಕಾರದ ಕಾನೂನು ಇತ್ತು. ಸಿಗರೇಟು ಬಿದ್ದರೂ ಕಡ್ಡಿ ಗೀರಿದರೂ ಮೆತ್ತೆಗೆ ಬೆಂಕಿ ಹಿಡಿಯಬಾರದು. ಅದಕ್ಕೆ ಫೋಮ್ ತಯಾರು ಮಾಡುವಾಗಲೇ ಒಂದು ರಾಸಾಯನಿಕ ಬೆರೆಸಿರುತ್ತಿದ್ದರು. ನಮ್ಮ ಹೆಂಗಸರು ಅದಕ್ಕೆ ಮದ್ದಿನ ಫೋಮ್ ಅಂತ ಹೆಸರಿಟ್ಟರು. ಬಂದ ಪ್ರತಿ ಬ್ಲಾಕಿನಿಂದ ಒಂದು ತುಂಡು ಕೊಯ್ದು, ಕ್ಲಿಪ್ಪಿಗೆ ಸಿಕ್ಕಿಸಿ, ಅಡಿಯಿಂದ ಬೆಂಕಿ ಹಿಡಿದು ತೆಗೆಯಬೇಕು. ತನ್ನಷ್ಟಕ್ಕೆ ಆರಿದರೆ ಪಾಸ್. ಆರುವವರೆಗಿನ ಆ ಗಳಿಗೆಯಲ್ಲಿ ನಾನು ಊರಿನ ದೇವರನ್ನೆಲ್ಲ ಕರೆಯುತ್ತಿದ್ದೆ.

ಒಮ್ಮೆ ಆರಲೇ ಇಲ್ಲ. ಅದೂ ಮುಂಬಯಿಯ ಏಜೆಂಟರು ಬಂದು ಎದುರು ಕೂತಿದ್ದ ದಿನ. ವಿದೇಶದ ಕಂಪೆನಿಯ ಪರವಾಗಿ ಮಾಲು ನೋಡುವವರು ಅವರೇ. ಪರೀಕ್ಷೆಗೆ ಫೋಮ್ ತಂದುಕೊಟ್ಟವಳು ಗಡಿಬಿಡಿಯಲ್ಲಿ ಮದ್ದಿಲ್ಲದ ಸಾದಾ ಫೋಮಿನ ಅಟ್ಟಿಯಿಂದ ತಂದಿದ್ದಳು. ನೋಡಲಿಕ್ಕೆ ಎರಡೂ ಒಂದೇ ಬಣ್ಣ. ನಾನು ಕಡ್ಡಿ ಹಿಡಿದದ್ದೇ ತಡ, ಭಗ್ಗನೆ ಹೊತ್ತಿ ಕರಗಿ ತೊಟ್ಟಿಕ್ಕಿ ಮೇಜಿನ ಬಟ್ಟೆಗೂ ಹಿಡಿಯಿತು. ನಾನು "ಅಯ್ಯೋ ದೇವರೇ" ಅಂತ ಬೊಬ್ಬೆ ಹೊಡೆದೆ. ಹಾಜಿಯವರು ಹಿಂದೆಮುಂದೆ ನೋಡದೆ, ಕೆಲಸದವರ ಊಟಕ್ಕೆ ತಂದಿಟ್ಟಿದ್ದ ಮಜ್ಜಿಗೆಯ ಪಾತ್ರೆಯನ್ನೇ ಎತ್ತಿ ಸುರಿದುಬಿಟ್ಟರು. ಬೆಂಕಿ ಆರಿತು. ಏಜೆಂಟರ ಅಂಗಿ ಮೇಲೆ ಕರಿಬೇವು, ಶುಂಠಿ ಎಲ್ಲ ಅಂಟಿಕೊಂಡಿತ್ತು. ಪುಣ್ಯಕ್ಕೆ ಆ ಮನುಷ್ಯ ನಕ್ಕ. ಪ್ರಭು ಸರ್ ಮಾತ್ರ ನಗಲಿಲ್ಲ.

ಮರುದಿನದಿಂದ ಹೊಸ ಕ್ರಮ ಬಂತು. ಮದ್ದಿನ ಫೋಮಿಗೆ ಬದಿಯಲ್ಲಿ ಕೆಂಪು ಗೆರೆ, ಅದಕ್ಕೆ ಬೇರೆ ಕೋಣೆ, ಕೋಣೆಗೆ ಬೀಗ. ಕೀ ನನ್ನ ಹತ್ತಿರ. ಬೀಗದೊಳಗೆ ಇಟ್ಟದ್ದು ಒಳ್ಳೆಯ ವಸ್ತುವೇ ಇರಬೇಕು ಅಂತ ಎಲ್ಲರ ಲೆಕ್ಕ. ರೇಟೂ ಹೆಚ್ಚು, ಹೋಗುವುದು ಫಾರಿನ್‌ಗೆ, ಮೇಲೆ ಬೆಂಕಿಯೂ ಮುಟ್ಟುವುದಿಲ್ಲ. ಇದಕ್ಕಿಂತ ಒಳ್ಳೆಯ ಫೋಮ್ ಲೋಕದಲ್ಲಿ ಇಲ್ಲ ಅಂತ ನಮ್ಮಲ್ಲಿ ಮಾತಾಯಿತು. ಹಾಜಿಯವರೂ ಹಾಗೇ ನಂಬಿದ್ದರು, ನಾನೂ ನಂಬಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೆಂಗಸರಲ್ಲಿ ಯಾರಾದರೂ ಹೆರಿಗೆಗೆ ರಜೆ ಹೋಗುವುದಿದ್ದರೆ, ಅವಳಿಗೆ ಗೊತ್ತಾಗದ ಹಾಗೆ ಊಟದ ಹೊತ್ತಿನಲ್ಲಿ ತೊಟ್ಟಿಲಿಗೆ ಒಂದು ಪುಟ್ಟ ಹಾಸಿಗೆ, ಒಂದು ತಲೆದಿಂಬು ಹೊಲಿಯುವುದು. ಒಬ್ಬಳೇ ಹೊಲಿದು ಮುಗಿಸುವ ಹಾಗಿಲ್ಲ, ಎಲ್ಲರೂ ಕೂತು ಒಂದೊಂದು ದಾರ ಹಾಕಬೇಕು. ಮಗು ಎಲ್ಲರದ್ದೂ ಆಗ್ತದೆ ಅನ್ನುವ ಪ್ರೀತಿ. ಬಟ್ಟೆ ಹಾಜಿಯವರದ್ದು, ಫೋಮ್ ಮಿಕ್ಕಿದ ತುಂಡುಗಳದ್ದು. ಮಗುವಿಗೆ ಕೊಡುವಾಗ ಸಾದಾದ್ದು ಕೊಡುವುದುಂಟಾ? ಕೆಂಪು ಗೆರೆಯದ್ದೇ ಆಗಬೇಕು. "ದೀಪ ಮಗುಚಿ ಬಿದ್ದರೂ ನಮ್ಮ ಬಾಲೆಗೆ ಏನೂ ಆಗ್ಲಿಕ್ಕಿಲ್ಲ" ಅಂತ ಹೇಳಿ ಸಂಭ್ರಮದಲ್ಲಿ ಹೊಲಿಯುತ್ತಿದ್ದರು. ಕೆಲವರು ಅದನ್ನು ಮಗು ದೊಡ್ಡದಾದ ಮೇಲೆ ತಂಗಿಗೋ ನಾದಿನಿಗೋ ದಾಟಿಸುತ್ತಿದ್ದರು. ಅಷ್ಟು ಮರ್ಯಾದೆ ಆ ಹಾಸಿಗೆಗೆ.

ಈ ಹಾಸಿಗೆಗಳಲ್ಲಿ ಎಲ್ಲಕ್ಕಿಂತ ಚಂದದ್ದು ಹೋದದ್ದು ವಾರಿಜನಿಗೆ. ಕಕ್ಕಿಂಜೆಯ ಹೆಂಗಸು, ಕಟಿಂಗ್ ವಿಭಾಗದವಳು. ಫೋಮ್ ಕೊಯ್ಯುವ ಮೆಷಿನ್ ಎದುರು ವರ್ಷಗಟ್ಟಲೆ ನಿಂತವಳು. ಎರಡು ಸಲ ಮಗು ಹೊಟ್ಟೆಯಲ್ಲೇ ಹೋಗಿ, ಮೂರನೆಯದು ನಿಂತಿತ್ತು. ಅವಳು ರಜೆ ಹೋಗುವ ದಿನ ಹಾಸಿಗೆ ಕೈಗೆ ಕೊಟ್ಟಾಗ ಅತ್ತಳು, ನಾವೂ ಅತ್ತೆವು. ಹೆಣ್ಣು ಮಗು ಹುಟ್ಟಿತು ಅಂತ ಸುದ್ದಿ ಬಂದ ದಿನ ಹಾಜಿಯವರು ಎಲ್ಲರಿಗೂ ಹಲ್ವ ಹಂಚಿದರು.

ಅದರ ಬೆನ್ನಿಗೇ ಆ ಮುಂಬಯಿ ಏಜೆಂಟರು ಮತ್ತೆ ಬಂದದ್ದು. ಎರಡು ಸಾವಿರದ ಈಚಿನ ಮಾತು ಇದು. ಈ ಸಲ ಅವರು ಬೆಂಕಿ ಪರೀಕ್ಷೆ ನೋಡಲಿಲ್ಲ. ಆಫೀಸಿನ ಬಾಗಿಲು ಹಾಕಿ ಹಾಜಿಯವರನ್ನು, ಪ್ರಭು ಸರ್ ಅವರನ್ನು, ನನ್ನನ್ನು ಕೂರಿಸಿದರು. ಅವರ ಹಿಂದಿ ನನಗೆ ಅರ್ಧ ಅರ್ಥ, ಉಳಿದದ್ದು ಪ್ರಭು ಸರ್ ಹೇಳಿದರು.

"ಆ ಮದ್ದನ್ನು ಅಲ್ಲಿಯ ಸರಕಾರಗಳು ನಿಷೇಧ ಮಾಡ್ತಾ ಉಂಟಂತೆ. ಇನ್ನು ಬೇರೆ ಫೋಮ್ ಆಗ್ಬೇಕು."

"ಯಾಕಂತೆ ಸರ್? ಬೆಂಕಿ ಆರ್ತದಲ್ಲ?"

"ಬೆಂಕಿ ಆರ್ತದೆ. ಆದ್ರೆ ಆ ಮದ್ದು ಫೋಮಿನಲ್ಲೇ ಅಂಟಿ ಕೂರುವುದಿಲ್ಲ, ಫೋಮಿನ ಹುಡಿ, ಧೂಳಿನೊಟ್ಟಿಗೆ ಹೊರಗೆ ಬರ್ತದೆ. ಮೈಯೊಳಗೆ ಹೋದ್ರೆ ಸುಲಭದಲ್ಲಿ ಹೋಗುವುದಿಲ್ಲ, ಕೊಬ್ಬಿನಲ್ಲಿ ಉಳೀತದಂತೆ. ತಾಯಿ ಹಾಲಿನಲ್ಲಿಯೂ ಸಿಕ್ಕಿದೆಯಂತೆ. ಸಣ್ಣ ಮಕ್ಕಳ ಮಿದುಳಿಗೆ ಒಳ್ಳೆಯದಲ್ಲ ಅಂತ ಹೇಳ್ತಾರೆ."

ಸಣ್ಣ ಮಕ್ಕಳು ಅಂದ ಕೂಡಲೇ "ಸರ್, ತೊಟ್ಟಿಲು?" ಅಂದೆ. ಮೂವರೂ ನನ್ನ ಮುಖ ನೋಡಿದರು. ಏಜೆಂಟರಿಗೆ ಅರ್ಥ ಆಗಲಿಲ್ಲ, ಹಾಜಿಯವರಿಗೆ ಆಯಿತು. ಅವರು ಟೊಪ್ಪಿ ತೆಗೆದು ತಲೆ ಉಜ್ಜಿಕೊಂಡರು.

ಏಜೆಂಟರು ಹೋದ ಮೇಲೆ ಮಾತು ಶುರುವಾಯಿತು. ಪ್ರಭು ಸರ್ ಕೆಟ್ಟವರಲ್ಲ, ಅವರದ್ದು ನಿಯಮದ ಮಾತು. "ನಮ್ಮ ಸರಕಾರ ಇದರ ಬಗ್ಗೆ ಏನೂ ಹೇಳಿಲ್ಲ. ಇಲ್ಲಿ ನಿಷೇಧ ಇಲ್ಲ. ಒಂದು ತೊಟ್ಟಿಲ ಹಾಸಿಗೆಯಲ್ಲಿ ಎಷ್ಟು ಮದ್ದು ಇರ್ತದೆ ಅಂತ ಯಾರಿಗೂ ಗೊತ್ತಿಲ್ಲ. ಪೊಕ್ಕಡೆ, ಸುಮ್ಮಸುಮ್ಮನೆ ಜನರನ್ನು ಹೆದರಿಸುವುದು ಬೇಡ" ಅಂದರು. ಬೀಗದ ಕೋಣೆಯಲ್ಲಿ ಉಳಿದಿದ್ದ ಮದ್ದಿನ ಫೋಮನ್ನು ಇಲ್ಲಿಯ ಬಸ್ಸಿನ ಸೀಟುಗಳಿಗೆ ಕೊಯ್ದು ಕೊಟ್ಟು ಮುಗಿಸುವುದು ಅಂತಲೂ ಆಯಿತು. ಅದಕ್ಕೆ ನಾನು ಏನೂ ಹೇಳಲಿಲ್ಲ. ನನ್ನ ಮಂಡೆಯಲ್ಲಿ ತೊಟ್ಟಿಲು ಬಿಟ್ಟು ಬೇರೆ ಏನೂ ಓಡುತ್ತಿರಲಿಲ್ಲ.

"ಕಾನೂನು ಇಲ್ಲದಿದ್ರೆ ಆ ಹುಡಿ ಇಲ್ಲಿಯ ಮಕ್ಕಳ ಮೂಗಿಗೆ ಹೋಗುವುದಿಲ್ವಾ ಸರ್?" ಅಂತ ಕೇಳಿದೆ. ಸ್ವರ ಸ್ವಲ್ಪ ಜೋರಾಯಿತು.

ಹಾಜಿಯವರು ನಡುವೆ ಬಂದರು. "ಯಮುನಕ್ಕ, ನೀವು ವ್ಯಾನ್ ತಗೊಂಡು ಹೋಗಿ. ಬೂರುಗದ ಹತ್ತಿಯದ್ದು ಹೊಸ ಹಾಸಿಗೆ ಮಾಡಿಸಿ ಕೊಟ್ಟು, ಹಳೆಯದ್ದು ತಗೊಂಡು ಬನ್ನಿ. ಆದ್ರೆ ಕಾರಣ ಹೇಳ್ಬೇಡಿ. ಹೊಸ ಡಿಸೈನ್ ಬಂದಿದೆ ಅಂತ ಹೇಳಿ. ಬಾಣಂತಿಯರಿಗೆ ಹೆದರಿಕೆ ಕೂತ್ರೆ ಅದು ಬೇರೆ ಕತೆ ಆಗ್ತದೆ." ಅದೂ ಸರಿ ಅಂತ ಕಂಡಿತು. ಹೆದರಿಕೆ ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು!

ಹೀಗೆ ನಾನು, ಡ್ರೈವರ್ ಮೋನಪ್ಪಣ್ಣ ತಿರುಗಲಿಕ್ಕೆ ಹೊರಟೆವು. ಕೊಟ್ಟದ್ದನ್ನು ವಾಪಸ್ ಕೇಳುವಷ್ಟು ನಾಚಿಕೆಯ ಕೆಲಸ ಬೇರೆ ಇಲ್ಲ. ಬಂಟ್ವಾಳದ ಒಂದು ಮನೆಯಲ್ಲಿ ಹಾಸಿಗೆ ನಾಯಿಯ ಪಾಲಾಗಿತ್ತು. ನಾಯಿ ಬಿಡಲಿಲ್ಲ, ಮೋನಪ್ಪಣ್ಣನ ಪ್ಯಾಂಟು ಹರಿಯಿತು. ಮೂಡುಬಿದಿರೆಯ ಒಬ್ಬಳು ಮಗಳ ಮೊದಲ ಹಾಸಿಗೆ ಅಂತ ಪೆಟ್ಟಿಗೆಯಲ್ಲಿ ಇಟ್ಟಿದ್ದವಳು, ಕೊಡುವಾಗ ನನ್ನ ಮುಖವನ್ನೇ ನೋಡಲಿಲ್ಲ. ಇನ್ನೊಂದು ಹಾಸಿಗೆ ಅಕ್ಕನಿಂದ ತಂಗಿಗೆ, ತಂಗಿಯಿಂದ ಅವಳ ನಾದಿನಿಗೆ ಹೋಗಿ, ಎಲ್ಲಿ ಉಂಟು ಅಂತ ಯಾರಿಗೂ ಗೊತ್ತಿಲ್ಲ. ಉಜಿರೆಯಲ್ಲಿ ಅದನ್ನು ಹುಡುಕಿ ಹುಡುಕಿ ಕಡೆಗೆ ಸಿಕ್ಕಿದಾಗ ಒಳಗಿನ ಫೋಮ್ ಹುಡಿಹುಡಿಯಾಗಿ ಹೊಲಿಗೆಯಿಂದ ಉದುರುತ್ತಿತ್ತು. ಮಗು ಅದನ್ನು ಬೆರಳಲ್ಲಿ ಹೆಕ್ಕಿ ಆಡುತ್ತಿತ್ತು. ನಾನು ಮಗುವಿನ ಬೆರಳು ಬಿಡಿಸಿ ಸೆರಗಿನಿಂದ ಒರೆಸಿದೆ. "ಎಂಥ ಸಾವು ಮಾರಾಯ್ರೆ ಇದು" ಅಂತ ಮೋನಪ್ಪಣ್ಣನೂ ಹೇಳಿದ.

ಕಕ್ಕಿಂಜೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಹೆದರಿಕೆಗೇ ಇಟ್ಟದ್ದು. ಉಳಿದ ಮಕ್ಕಳು ಅಷ್ಟಿಷ್ಟು ಬೆಳೆದಿದ್ದರು. ವಾರಿಜನದ್ದು ಇನ್ನೂ ಕುತ್ತಿಗೆ ನಿಲ್ಲದ ಕೂಸು, ಇಡೀ ದಿನ ಆ ಹಾಸಿಗೆಯಲ್ಲೇ ಮಲಗುವುದು.

ಅವಳ ಅತ್ತೆ ಬೆಲ್ಲ, ನೀರು ಕೊಟ್ಟು ಕೂರಿಸಿದರು. ನಾನು ಹೊಸ ಡಿಸೈನಿನ ಕತೆ ಹೇಳಿದೆ. ಅವರು ಹೊಸ ಹಾಸಿಗೆಯನ್ನು ಒತ್ತಿ ನೋಡಿ ಬದಿಗಿಟ್ಟರು.

"ಇದು ಇರ್ಲಿ, ಅದೂ ಇರ್ಲಿ. ತೊಟ್ಟಿಲಿನಿಂದ ಹಾಸಿಗೆ ತೆಗೆದು ಹೊರಗೆ ಕೊಡುವುದುಂಟಾ? ಎಂಥ ಅಪಶಕುನದ ಮಾತು ನಿಮ್ಮದು!"

"ಹಾಗಲ್ಲಮ್ಮ, ಹಾಜಿಯವರು ವಾಪಸ್ ತರ್ಲಿಕ್ಕೆ ಹೇಳಿದ್ದಾರೆ."

"ಅವರಿಗೆ ಅಷ್ಟು ಕಷ್ಟ ಆದ್ರೆ ಅದರ ಹಣ ಕೊಡುವ. ಹಾಸಿಗೆ ಕೊಡ್ಲಿಕ್ಕಿಲ್ಲ. ಈ ಮಗು ಉಳಿದದ್ದೇ ಹೆಚ್ಚು, ಗೊತ್ತುಂಟಾ ನಿಮಗೆ?"

ನನಗೆ ಗೊತ್ತಿತ್ತು. ಅದಕ್ಕೇ ಬಂದದ್ದು. ವಾರಿಜ ತೊಟ್ಟಿಲ ಹತ್ತಿರ ಕೂತು ಹಗ್ಗ ಹಿಡಿದು ತೂಗುತ್ತಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲ ಕೇಳಿದಳು: "ಯಮುನಕ್ಕ, ನೀವು ಸುಳ್ಳು ಹೇಳುವಾಗ ಸೆರಗು ತಿರುಚ್ತೀರಿ. ಎಂತ ವಿಷಯ ಹೇಳಿ."

ಹೇಳಿದೆ. ಹಾಜಿಯವರು ಬೈದರೆ ಬೈಯಲಿ ಅಂತ ಎಲ್ಲ ಹೇಳಿದೆ. ಅಲ್ಲಿಯ ಸರಕಾರ ನಿಷೇಧ ಮಾಡಿದ್ದು, ಹುಡಿಯಲ್ಲಿ ಬರುವುದು, ಸಣ್ಣ ಮಕ್ಕಳಿಗೆ ಆಗದ್ದು. ಒಂದೇ ಒಂದು ಮಾತು ನುಂಗಿಕೊಂಡೆ. ವಾರಿಜ ಬೊಬ್ಬೆ ಹೊಡೆಯಲಿಲ್ಲ. ಮಗುವನ್ನು ಎತ್ತಿ ಚಾಪೆಯಲ್ಲಿ ಮಲಗಿಸಿ, ಹಾಸಿಗೆ, ತಲೆದಿಂಬು ಎರಡನ್ನೂ ತೆಗೆದು ನನ್ನ ಕೈಗೆ ಕೊಟ್ಟಳು. ಅಬ್ಬ, ಮುಗಿಯಿತು ಅಂತ ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಮಗು ಹಾಲಿಗೆ ಅಳಲಿಕ್ಕೆ ಶುರು ಮಾಡಿತು.

ವಾರಿಜ ಎತ್ತಲಿಲ್ಲ.

"ಅಕ್ಕ, ನಾನು ಅದೇ ಫೋಮ್ ಕೊಯ್ದದ್ದಲ್ವಾ? ಇವಳು ಹೊಟ್ಟೆಯಲ್ಲಿ ಇರುವಾಗಲೂ ಕೊಯ್ದೆ. ಮೂಗು, ಬಾಯಿ, ಕೂದಲು ಎಲ್ಲ ಅದೇ ಹುಡಿ. ಹಾಸಿಗೆ ನೀವು ವಾಪಸ್ ತಗೊಂಡ್ರಿ. ನನ್ನ ಒಳಗೆ ಹೋದದ್ದನ್ನು ಯಾರು ತಗೊಳ್ತಾರೆ?"

ನಾನು ಕೈಯಲ್ಲಿದ್ದ ಹಾಸಿಗೆಯನ್ನು ಸುರುಳಿ ಸುತ್ತಿದೆ.

"ಅದು ಹಾಲಿಗೆ ಬರ್ತದಾ ಅಕ್ಕ?"

ನಾನು ನುಂಗಿಕೊಂಡ ಮಾತು ಅದೇ. ಇಲ್ಲ ಅನ್ನಲಿಕ್ಕೆ ನಾಲಿಗೆ ಏಳಲಿಲ್ಲ, ಹೌದು ಅನ್ನಲಿಕ್ಕೆ ಧೈರ್ಯ ಇಲ್ಲ. ನಾನು ಸುಮ್ಮನೆ ನಿಂತದ್ದನ್ನೇ ಅವಳು ಉತ್ತರ ಅಂತ ತಿಳಿದುಕೊಂಡಳು. ಮಗು ಕೆಂಪಾಗಿ ಅಳುತ್ತಿತ್ತು. ಅತ್ತೆ, "ಹಾಲು ಕೊಡು ಮಾರಾಯ್ತಿ, ಗಂಟಲು ಒಣಗ್ತದೆ ಅದಕ್ಕೆ" ಅಂತ ಬೈದರು. ವಾರಿಜ ಎದೆಯ ಮೇಲೆ ಕೈ ಕಟ್ಟಿ ಗೋಡೆಗೆ ಒರಗಿದಳು. ಅವಳ ರವಕೆ ಹಾಲಿನಿಂದ ಒದ್ದೆಯಾಗುತ್ತಾ ಇತ್ತು. ನನ್ನ ಇಡೀ ಸರ್ವಿಸಿನಲ್ಲಿ ಅಂಥ ಗಳಿಗೆ ಇನ್ನೊಂದು ಬರಲಿಲ್ಲ, ಬರುವುದೂ ಬೇಡ. ಎಲ್ಲರನ್ನೂ ವ್ಯಾನಿಗೆ ಹತ್ತಿಸಿ, "ಉಜಿರೆಗೆ ಬಿಡಿ ಮೋನಪ್ಪಣ್ಣ, ಡಾಕ್ಟರಮ್ಮನ ಹತ್ತಿರ" ಅಂದೆ. ದಾರಿ ಉದ್ದಕ್ಕೂ ಮಗು ಅತ್ತದ್ದು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು.

ಡಾಕ್ಟರಮ್ಮ ಪ್ರಾಯ ಆದವರು, ಸಿಡುಕಿನ ಬಾಯಿ. ನಾನು ಹೇಳಿದ ಮದ್ದಿನ ಹೆಸರನ್ನು ಎರಡು ಸಲ ಹೇಳಿಸಿದರು.

"ನನಗೆ ಇದು ಗೊತ್ತಿಲ್ಲ. ಗೊತ್ತುಂಟು ಅಂತ ಸುಳ್ಳು ಹೇಳುವುದಿಲ್ಲ, ಓದಿ ನೋಡ್ತೇನೆ. ಆದ್ರೆ ಹಾಲಿನ ವಿಷಯ ನನಗೆ ಗೊತ್ತುಂಟು. ಹಾಲು ನಿಲ್ಲಿಸಿದ್ರೆ ಈ ಮಗುವಿಗೆ ಆಗುವ ನಷ್ಟ ದೊಡ್ಡದು. ನೀನು ಕೊಡು. ನಾನು ಹೇಳ್ತಾ ಇದ್ದೇನೆ, ಕೊಡು."

"ಏನೂ ಆಗ್ಲಿಕ್ಕಿಲ್ವಾ ಡಾಕ್ಟ್ರೆ?"

"ಬರೆದು ಕೊಡ್ಲಿಕ್ಕೆ ನಾನು ದೇವರಲ್ಲ. ಹುಡಿಯಿಂದ ದೂರ ಇರು, ಮಗುವಿಗೆ ಹಾಲು ಕೊಡು. ಹೋಗು, ಆ ಪರದೆಯ ಹಿಂದೆ ಕೂತುಕೋ."

ಪರದೆಯ ಆಚೆ ಅಳು ನಿಂತಿತು. ನಾನು ಹೊರಗೆ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ. ಮೋನಪ್ಪಣ್ಣ ಚಾ ತಂದುಕೊಟ್ಟ, ಕುಡಿಯಲಿಕ್ಕೆ ಆಗಲಿಲ್ಲ. ವಾರಿಜನ ಅತ್ತೆ ನನ್ನ ಹತ್ತಿರ ಬಂದು ಕೂತರು.

ಸ್ವಲ್ಪ ಹೊತ್ತಿನ ಮೇಲೆ ವಾರಿಜ ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಮುಖದಲ್ಲಿ ಜೀವ ಬಂದಿತ್ತು. ಮನೆಗೆ ಬಿಡುತ್ತೇನೆ, ಬಾ ಅಂತ ಕರೆದೆ. ಅವಳು ಅಲ್ಲೇ ನಿಂತಳು.

"ಅಕ್ಕ, ಈಗ ನನ್ನ ಜಾಗದಲ್ಲಿ ಯಾರಿದ್ದಾರೆ?"

"ಸುಮತಿ. ಹೊಲಿಗೆಯಲ್ಲಿ ಇದ್ದಳಲ್ಲ, ಅವಳನ್ನು ಹಾಕಿದ್ದಾರೆ."

"ಎಂತ ಕೊಯ್ತಾ ಇದ್ದಾಳೆ?"

"ಉಳಿದ ಸ್ಟಾಕ್. ಬಸ್ಸಿನ ಸೀಟಿಗೆ."

"ಕೆಂಪು ಗೆರೆಯದ್ದಾ?"

ನಾನು ಹೌದು ಅಂದೆ. ಹೇಳುವಾಗಲೇ ನನಗೆ ಹೊಳೆಯಿತು. ವಾರಿಜನೂ ಅದನ್ನೇ ಹೇಳಿದಳು: "ಸುಮತಿಗೆ ಈಗ ಐದು ತಿಂಗಳಲ್ವಾ ಅಕ್ಕ?"

ಊರಿಡೀ ಹಾಸಿಗೆ ಹುಡುಕಿದವಳು ನಾನು. ಬೆಳಿಗ್ಗೆ ಕೆಂಪು ಗೆರೆಯ ಫೋಮಿನ ಕೋಣೆಯ ಬೀಗ ತೆಗೆದುಕೊಟ್ಟು ಬಂದವಳೂ ನಾನೇ. "ನಾವು ಸರ್ವಿಸ್ ಜೀಪಿನಲ್ಲಿ ಹೋಗ್ತೇವೆ. ನೀವು ಹೋಗಿ, ಬೇಗ ಹೋಗಿ" ಅಂತ ವಾರಿಜ ನನ್ನನ್ನು ದೂಡಿದ ಹಾಗೆ ಹೇಳಿದಳು.

ಬೆಳ್ತಂಗಡಿ ದಾಟಿ ಪುಂಜಾಲಕಟ್ಟೆವರೆಗೆ ನಾನು ಮೋನಪ್ಪಣ್ಣನಿಗೆ ಬೇಗ ಬಿಡಲಿಕ್ಕೆ ಹೇಳುತ್ತಲೇ ಇದ್ದೆ. ಗೇಟಿನವರೆಗೆ ಕಟಿಂಗ್ ಮೆಷಿನ್ನಿನ ಶಬ್ದ ಕೇಳುತ್ತಿತ್ತು. ಪ್ರಭು ಸರ್ ಎದುರು ಬಂದು "ಎಲ್ಲ ಸಿಕ್ಕಿತಾ ಯಮುನಾ?" ಅಂತ ಕೇಳಿದರು. ಅವರನ್ನು ದಾಟಿ ಹೋಗಿ ಮೇನ್ ಸ್ವಿಚ್ ಎಳೆದೆ. ಯಾರ ಅಪ್ಪಣೆಯೂ ಇಲ್ಲದೆ ನಾನು ಅಲ್ಲಿ ಮಾಡಿದ ಕೆಲಸ ಅದೊಂದೇ. ಮೆಷಿನ್, ಫ್ಯಾನ್, ಹೊಲಿಗೆ ಎಲ್ಲ ಒಟ್ಟಿಗೆ ನಿಂತಿತು. ಹಾಜಿಯವರು ಆಫೀಸಿನಿಂದ ಓಡಿ ಬಂದರು.

"ಎಂತ ಆಯ್ತು? ಕರೆಂಟ್ ಹೋಯ್ತಾ?"

"ಹೋಗ್ಲಿಲ್ಲ ಹಾಜಿಯವರೇ, ನಾನು ತೆಗೆದೆ. ನೀವು ಒಮ್ಮೆ ಕಟಿಂಗಿಗೆ ಬನ್ನಿ."

ಅವರು ಬಂದರು, ಪ್ರಭು ಸರ್ ಕೂಡ ಬಂದರು. ಹುಡಿ ಇನ್ನೂ ಗಾಳಿಯಲ್ಲಿ ಇಳಿಯುತ್ತಾ ಇತ್ತು. ಸುಮತಿ ಏನು ತಪ್ಪಾಯಿತೋ ಅಂತ ಗಾಬರಿಯಲ್ಲಿ ನಮ್ಮನ್ನು ನೋಡುತ್ತಾ, ಹೊಟ್ಟೆಯ ಮೇಲೆ ಕೂತ ಹುಡಿಯನ್ನು ಸೆರಗಿನಿಂದ ಕೊಡಹುತ್ತಾ ನಿಂತಿದ್ದಳು.